ಕೆನ್ನೆ ಬದಲಿಸಿದ ಮಚ್ಚೆ

ಉಳಿಯಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ಕಲ್ಲು ಕಂಡರೆ ಕೆತ್ತುವುದು, ಮರದ ಹಲಗೆ ಕಂಡರೆ ಕೊರೆದು ಮಸಿ ಬಳಿದು ಕಾಗದಕ್ಕೆ ಅಚ್ಚು ಒತ್ತುವುದು, ಅವರ ಬದುಕೆಂದರೆ ಇಷ್ಟೇ. ನಡುಮನೆಯಲ್ಲಿ ಕಲ್ಲಿನ ತಲೆಗಳು, ಮಂಚದ ಕೆಳಗೆ ಹಲಗೆಗಳು, ಬಟ್ಟೆ ಒಣಹಾಕುವ ಹಗ್ಗದ ತುಂಬ ಹಸಿ ಚಿತ್ರಗಳು. ಒದ್ದೆ ಬಟ್ಟೆಗೆ ಜಾಗ ಸಿಕ್ಕರೆ ಅದು ಹೆಂಡತಿಯ ಪುಣ್ಯ.

ಹೊರಗೆ ಹೊಗಳುವವರಿಗೆ ಬರವಿರಲಿಲ್ಲ. ಮನೆಯೊಳಗೆ ಮಾತ್ರ ಅವರ ಬೇಳೆ ಬೇಯುತ್ತಿರಲಿಲ್ಲ. ಮದುವೆಯಾದಾಗಿನಿಂದ ಹೆಂಡತಿಯ ಮುಖವನ್ನು ಕಲ್ಲಿನಲ್ಲಿ, ಮರದಲ್ಲಿ, ಜೇಡಿಮಣ್ಣಿನಲ್ಲಿ ಮಾಡಿ ಮಾಡಿ ತೋರಿಸಿದರು. ಆಕೆಯದು ಒಂದೇ ತೀರ್ಪು: "ಚೆನ್ನಾಗಿದೆ. ಆದ್ರೆ ಇದು ನಾನಲ್ಲ." ಫೋಟೋ ತೆಗೆದವರಿಗೂ ಅದೇ ಗತಿ. "ಇದು ನಾನೇ" ಎಂದು ಆಕೆಯ ಬಾಯಲ್ಲಿ ಒಮ್ಮೆ ಕೇಳಿ ಕಣ್ಣು ಮುಚ್ಚಬೇಕೆಂದು ಉಳಿಯಪ್ಪನವರ ಆಸೆ. ಬೇರೆಯವರಿಗೆ ಇದು ಸಣ್ಣದಿರಬಹುದು, ಗಂಡನಾದವನಿಗೆ ಬೆಟ್ಟದಷ್ಟು.

ಈ ಸಲ ಪ್ರದರ್ಶನಕ್ಕೆಂದು ದೊಡ್ಡ ಹಲಗೆಯನ್ನೇ ಹಿಡಿದರು. ಆಕೆ ತರಕಾರಿ ಹೆಚ್ಚುತ್ತಾ ಕೂತಿದ್ದರು.

"ಅಲ್ಲಾಡಬೇಡ ಕಣೇ."

"ಹಾಗಾದ್ರೆ ಅಡುಗೆ ನೀವು ಮಾಡ್ತೀರಾ?"

ಆಕೆ ಎದ್ದುಹೋಗುವ ಮೊದಲು ಮುಗಿಸುವ ಆತುರದಲ್ಲಿ ಉಳಿಯಪ್ಪನವರು ಕಂಡದ್ದನ್ನು ಕಂಡ ಹಾಗೇ ಹಲಗೆಗಿಳಿಸಿದರು. ಅಚ್ಚಿನಲ್ಲಿ ಎಡ ಬಲವಾಗುತ್ತದೆ, ಆದ್ದರಿಂದ ಹಲಗೆಯ ಮೇಲೆ ತಿರುವಿ ಬರೆಯಬೇಕು ಎಂದು ಶಿಷ್ಯರಿಗೆ ಬೈದು ಬೈದು ಕಲಿಸಿದ ಮನುಷ್ಯ! ವಾರಗಟ್ಟಲೆ ಕೊರೆದು, ಮಸಿ ಬಳಿದು, ಒತ್ತಿದ ಕಾಗದವನ್ನು ಎತ್ತಿ ನೋಡಿದರೆ, ಎಡಗೆನ್ನೆಯ ಮಚ್ಚೆ ಬಲಗೆನ್ನೆಗೆ ವರ್ಗವಾಗಿತ್ತು. ಜೊತೆಗೆ ಬೈತಲೆಯೂ ಆಚೆ ಬದಿಗೆ ಸರಿದಿತ್ತು.

ಬಚ್ಚಿಡುವಷ್ಟರಲ್ಲಿ ಆಕೆ ಕೈ ಒರೆಸಿಕೊಳ್ಳುತ್ತಾ ಬಂದೇಬಿಟ್ಟರು.

"ಅಯ್ಯೋ, ಇದು ನಾನೇ ಕಣ್ರೀ! ಅಂತೂ ಇಂತೂ ನಿಮ್ಮ ಕೈ ಕುದುರ್ತು ನೋಡಿ!"

"ಮಚ್ಚೆ ಅದಲುಬದಲಾಗಿದೆ ಕಣೇ, ಸರಿಯಾಗಿ ನೋಡು."

"ಏನ್ ಬದಲು? ನನ್ನ ಮುಖ ನಂಗೊತ್ತಿಲ್ವಾ? ದಿನಾ ಕನ್ನಡೀಲಿ ನೋಡ್ಕೊಳ್ಳೋಳು ನಾನು."

ಉಳಿಯಪ್ಪನವರಿಗೆ ಆಗ ಹೊಳೆಯಿತು: ಕನ್ನಡಿಯೂ ಎಡವನ್ನು ಬಲ ಮಾಡುವ ಅಚ್ಚೇ ತಾನೇ! ಆಕೆ ತನ್ನದೆಂದು ನಂಬಿದ್ದು ಆ ಮುಖವನ್ನು. ಎಡಗೆನ್ನೆಯಲ್ಲಿ ಮಚ್ಚೆಯಿರುವ, ತಾವು ಇಷ್ಟು ವರ್ಷ ನೋಡಿ ನೋಡಿ ಮನಸೋತ ಮುಖವನ್ನು ಆಕೆ ಒಂದು ದಿನವೂ ಒಪ್ಪಿರಲಿಲ್ಲ. ಅವರಿಗೆ ನಗುವೂ ಬಂತು, ಕಣ್ಣೂ ತುಂಬಿತು. ಚಿತ್ರ ಬಿಟ್ಟು ಆಕೆಯನ್ನೇ ನೋಡುತ್ತಾ ನಿಂತರು.

"ಯಾರನ್ನ ಹಾಗೆ ನೋಡ್ತಿದೀರಾ?"

"ನಿಂಗೆ ಪರಿಚಯ ಇಲ್ಲದ ಒಬ್ಬಳನ್ನ," ಎಂದರು ಉಳಿಯಪ್ಪನವರು. "ನಾನು ಕಟ್ಕೊಂಡಿರೋದು ಅವಳನ್ನೇ."