ಅತ್ತೆ ಮಡುವಿಗೆ ಇಳಿದ ದಿನ

ನಾನು ನೋಡುತ್ತಿದ್ದಂತೆಯೇ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದೆಮಟ್ಟದ ನೀರಿಗೆ ಇಳಿದುಬಿಟ್ಟರು. ದಡದ ಬಂಡೆಯ ಮೇಲೆ, ಮದ್ದು ಸಿಡಿಸಿ ಮೀನು ಹಿಡಿಯಲು ಜೀಪಿನಲ್ಲಿ ಬಂದಿದ್ದ ಇಬ್ಬರು ಗಂಡಸರು. ಒಬ್ಬನ ಕೈಯಲ್ಲಿ ಸಿಡಿಮದ್ದು, ಇನ್ನೊಬ್ಬನ ಕೈಯಲ್ಲಿ ಬೆಂಕಿಪೊಟ್ಟಣ.

ತೊಂಬತ್ತರ ದಶಕದ ಮಾತು. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ಆ ಮಡುವಿನಲ್ಲಿ ಮೀನು ಮೊಟ್ಟೆಯಿಡುತ್ತದೆಂದು ನಮ್ಮ ಬೆಸ್ತರ ಕೇರಿಯವರು ತಲೆಮಾರುಗಳಿಂದ ಬಲೆ ಬೀಸಿದವರಲ್ಲ. ನಾನು ನಾಗಮಂಗಲದ ಕಡೆಯಿಂದ ಬಂದ ಹೊಸ ಸೊಸೆ, ಈಜು ಬಾರದು.

"ಮೇಲಕ್ ಬಾರಮ್ಮೋ, ಸತ್ತೋಯ್ತೀಯ!" ಎಂದು ಮದ್ದು ಹಿಡಿದವನು ಕೂಗಿದ.

"ಎಸೀಲಾ! ನಾವೇ ಮುಟ್ದಂಗೆ ಕಾಪಾಡ್ಕಂಡ್ ಬಂದಿರೋ ಮಡು ಕಣ್ಲಾ ಇದು. ಮೀನಿನ್ ಜೊತೆ ನನ್ನೂ ಎತ್ಕಂಡೋಗು!" ಎಂದರು ಅತ್ತೆ.

ಜೊತೆಗಾರ ಕಡ್ಡಿ ಗೀರಿಯೇಬಿಟ್ಟ. ಬಟ್ಟೆ ಒಗೆಯುತ್ತಿದ್ದ ಹೆಂಗಸರೆಲ್ಲ ಕೈಕೈ ಹಿಡಿದು ಇಳಿದರು. ನಾನೂ ಇಳಿದೆ. ನೀರು ಸೊಂಟ ದಾಟಿತು. ಕಡ್ಡಿ ಅವನ ಬೆರಳಲ್ಲೇ ಉರಿದು ಆರಿತು. ಇಬ್ಬರೂ ಬೈದುಕೊಂಡೇ ಜೀಪು ಹತ್ತಿದರು.

ಇವತ್ತಿಗೂ ದೂರದ ಕಲ್ಲುಕ್ವಾರಿಯಲ್ಲಿ ಮದ್ದು ಸಿಡಿದರೆ ಸಾಕು, ಕೈಲಿದ್ದ ಕೆಲಸ ಬಿಟ್ಟು ಹೊಳೆಯತ್ತ ಓಡುತ್ತೇನೆ. ನೀರಿನ ಮೇಲೆ ಸತ್ತ ಮೀನು ತೇಲುತ್ತಿಲ್ಲವೆಂದು ಕಣ್ಣಾರೆ ಕಂಡ ಮೇಲೇ ಮನೆಗೆ ಹಿಂತಿರುಗಲು ಮನಸ್ಸಾಗುವುದು.