ಗಳಗಂಡದ ಚೂರು, ಐಸಿನ ಫ್ಲಾಸ್ಕು

ಐವತ್ತರ ದಶಕ. ಚಾಮರಾಜನಗರದ ಆಸ್ಪತ್ರೆಯಲ್ಲಿ ನಾನು ಹೊಸ ನರ್ಸು. ಮೈಸೂರಿನಿಂದ ಬಂದಿದ್ದ ಸರ್ಜನ್ನರು ನನ್ನ ಕೈಗೊಂದು ಫ್ಲಾಸ್ಕು ಕೊಟ್ಟು, "ಗಳಗಂಡ ಕೊಯ್ದ ಕೂಡಲೇ ಒಂದು ಚೂರು ಇದರೊಳಗೆ ಹೋಗಬೇಕು. ಸ್ಪಿರಿಟ್ ಮುಟ್ಟಿಸೀರಿ, ಜೋಕೆ! ಪ್ರೋಟೀನು ಕೆಟ್ಟರೆ ನನ್ನ ಸಂಶೋಧನೆಯೂ ಕೆಟ್ಟ ಹಾಗೇ" ಎಂದರು. ಸಂಶೋಧನೆ! ನನಗೆ ನೆಲವೇ ಕಾಣಲಿಲ್ಲ. ರೈಲಿನಲ್ಲಿ ಹೊಟ್ಟು ಹೊದ್ದುಕೊಂಡು ಬಂದ ಐಸನ್ನು ಕುಟ್ಟಿ ತುಂಬಿ, ಫ್ಲಾಸ್ಕನ್ನು ಚೊಚ್ಚಲ ಕೂಸಿನ ಹಾಗೆ ಎತ್ತಿಕೊಂಡು ಇಡೀ ವಾರ್ಡು ಸುತ್ತಿ ಬಂದೆ.

ರೋಗಿ ಕುದೇರಿನ ಹೆಂಗಸು, ಮದುವೆಗಳಲ್ಲಿ ಸೋಬಾನೆ ಹಾಡುವವಳು. "ಗಂಟ ನೀವೇ ಮಡೀಕಳಿ ಸ್ವಾಮಿ, ನಂಗ್ಯಾಕದು" ಎಂದು ನಗುತ್ತಲೇ ಒಪ್ಪಿದ್ದಳು. ಅವಳ ಗಂಡನದು ಮಾತ್ರ ಒಂದೇ ಗೋಳು: "ಅವ್ಳ ದನಿ ಒಂದ ಉಳಿಸ್ಕೊಡಿ ಬುದ್ಧೀ." ಭಯ ಸುಳ್ಳಲ್ಲ, ದನಿಯ ನರ ಆ ಗಂಟಿಗೆ ಅಂಟಿಕೊಂಡೇ ಇರುತ್ತದೆ. ಅದಕ್ಕೇ ಸರ್ಜನ್ನರು ಕುತ್ತಿಗೆಯಷ್ಟೇ ಮರಗಟ್ಟುವ ಹಾಗೆ ಸೂಜಿ ಚುಚ್ಚಿ, "ಮಾತಾಡಿಸುತ್ತಲೇ ಇರಿ ಸಿಸ್ಟರ್. ದನಿ ಕೇಳುವವರೆಗೆ ನರಕ್ಕೆ ಏನೂ ಆಗಿಲ್ಲ ಅಂತ ಅರ್ಥ" ಎಂದರು.

ಏನು ಮಾತಾಡಿಸಲಿ? ಸಂಶೋಧನೆಗೆಂದು ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳ ಫಾರಂ ಬಾಯಿಪಾಠವಾಗಿತ್ತು, ಅದನ್ನೇ ಹಿಡಿದೆ. ಊಟ ಏನು ಅಂದರೆ ನಾದಿನಿ ಕದ್ದ ತುಪ್ಪದವರೆಗೂ ಹೇಳಿದಳು, ಪುಣ್ಯಾತ್ಗಿತ್ತಿ! ಅಷ್ಟರಲ್ಲಿ ಚೂರು ಬಂತು. ಫ್ಲಾಸ್ಕಿಗೆ ಬಿಟ್ಟು ಮುಚ್ಚಳ ತಿರುಗಿಸಿ, ಗೆದ್ದ ಖುಷಿಯಲ್ಲಿ ಉಳಿದ ಪ್ರಶ್ನೆ ಕೇಳಿದೆ: "ಗಂಡನ ಹೆಸರು?"

ಸದ್ದಿಲ್ಲ.

ಸರ್ಜನ್ನರ ಕೈ ನಿಂತಿತು. "ಇನ್ನೊಮ್ಮೆ ಕೇಳಿ!"

"ಗಂಡನ ಹೆಸರೇನಕ್ಕಾ?"

ತುಟಿ ಅಲ್ಲಾಡಲಿಲ್ಲ. ಅಯ್ಯೋ ಶಿವನೇ, ದನಿಯನ್ನೂ ಐಸಿಗೆ ಹಾಕಿ ಮುಚ್ಚಿಬಿಟ್ಟೆವಲ್ಲ! ನನಗೆ ಅಳುವೇ ಬಂತು. "ನಿಮ್ಮ ದಮ್ಮಯ್ಯ ಅಕ್ಕಾ, ಏನಾದರೂ ಮಾತಾಡಿ!"

ಅವಳು ಕಣ್ಣು ಕೆಕ್ಕರಿಸಿದಳು. "ನಿಂಗ ಮದುವ ಆಗಿದ್ದಾ ಕಣಮ್ಮಿ?"

"ಇಲ್ಲ."

"ಅದ್ಕೇಯ! ಕಟ್ಕಂಡ ಗಂಡನ್ ಎಸ್ರ ಯಾವಳಾರ ಬಾಯ್ಬುಟ್ಟು ಏಳಾಳಾ? ನಿನ್ ಓದ್ಗೆ ಬೆಂಕಿ ಆಕ!"

ಗುಂಡ್ಲುಪೇಟೆಯ ನಮ್ಮ ಮನೆಯಲ್ಲೂ ಅವ್ವ ಒಮ್ಮೆಯಾದರೂ ಅಪ್ಪನ ಹೆಸರು ಹೇಳಿದ್ದಿಲ್ಲ. ಸಂಶೋಧನೆಯ ಅಮಲಿನಲ್ಲಿ ಅದೆಲ್ಲ ಎಲ್ಲಿ ನೆನಪು! ಸರ್ಜನ್ನರು ನಗು ತಡೆಯಲಾರದೆ ಕತ್ತರಿ ಕೆಳಗಿಟ್ಟರು. ಅವಳು ನಿಲ್ಲಿಸಲೇ ಇಲ್ಲ. ನನ್ನನ್ನು, ನನಗೆ ಓದು ಕಲಿಸಿದವರನ್ನು, ಎಲ್ಲರನ್ನೂ ಝಾಡಿಸಿದಳು.

ಅಷ್ಟು ಹೊತ್ತೂ ಬಾಗಿಲಾಚೆ ಕುಕ್ಕರುಗಾಲಲ್ಲಿ ಕೂತಿದ್ದ ಗಂಡ ದಡಕ್ಕನೆ ಎದ್ದ ಸದ್ದಾಯಿತು. "ಬಯ್ತಾವ್ಳ ಕಣ್ರಪ್ಪೋ! ನಮ್ಮವ್ಳು ಬಯ್ತಾವ್ಳ!" ಎಂದು ಜಗಲಿಯವರಿಗೆಲ್ಲ ಕೂಗಿ ಹೇಳುತ್ತ, ಗೊಳೋ ಎಂದು ಅತ್ತುಬಿಟ್ಟ.