ಮೂರು ಗುಂಡಿಗಳು

ಬ್ಲೇಡು ಹಿಡಿದು ಅರಗು ಕೆರೆಯುತ್ತಿದ್ದೆ. ಚಾಚಾನ ಮೈಕ್ ಸೆಟ್ಟಿಗೆ ಮೂರು ಗುಂಡಿ. ಒಂದರ ಮೇಲೆ ಅರಗಿನ ಬೊಟ್ಟು, ಒಂದಕ್ಕೆ ಸುತ್ತಿದ ಸುತಳಿ, ಇನ್ನೊಂದಕ್ಕೆ ಅಂಟಿಸಿದ ಹುಣಸೆ ಬೀಜ. ಎಲ್ಲ ಕಿತ್ತು, ಸೀಮೆಎಣ್ಣೆಯಲ್ಲಿ ಒರೆಸಿ, ಕೆಳಗೆ ಬಿಳಿ ಬಣ್ಣದಲ್ಲಿ ಬರೆದೆ: ಅಯ್ಯನವರು, ಹಾಡಿನ ಪ್ಲೇಟು, ಹೆಂಗಸರು. ಮೊದಲು ಒಳಮನೆಯಲ್ಲಿ ಸೋಬಾನೆ ಹಾಡುವ ಹೆಂಗಸರ ಮೈಕಿನ ಗುಂಡಿ ಮುಂದಿತ್ತು, ಮಂತ್ರ ಹೇಳುವ ಅಯ್ಯನವರದು ಕೊನೆಗೆ. ಅಯ್ಯನವರ ಹೆಸರನ್ನು ಕೊನೆಗೆ ಯಾರು ಬರೆಯುತ್ತಾರೆ? ಹಿಂದಿನ ವೈರು ಅದಲುಬದಲು ಮಾಡಿಬಿಟ್ಟೆ.

ಅವತ್ತು ಮಸ್ಕಿಯಲ್ಲಿ ಸಾಹುಕಾರರ ಮಗಳ ಮದುವೆ. ಸೆಟ್ ಹೊರಲು ಜೊತೆಗೆ ಬಂದಿದ್ದ ನನ್ನನ್ನು ಪೆಟ್ಟಿಗೆ ಹತ್ತಿರ ಬಿಟ್ಟು ಚಾಚಾ ಚಹಾಕ್ಕೆ ಹೋಗಿದ್ದರು.

ನಾನು ಎರಡನೇ ಇಯತ್ತೆಗೆ ಸಾಲೆ ಬಿಟ್ಟವನು. ಸಿಂಧನೂರಿನಲ್ಲಿ ಅಂಗಡಿ ಬೋರ್ಡು ಬರೆಯುತ್ತಿದ್ದೆ. ಆ ಕೆಲಸ ಕೊಡಿಸಿದವರೇ ನಮ್ಮ ಓಣಿಯ ಈ ಚಾಚಾ. ಸೆಟ್ ಹೊತ್ತು ಲಿಂಗಸುಗೂರು, ಮಸ್ಕಿ ಎಲ್ಲಿಗೆ ಹೋದರೂ "ನಮ್ಮ ಹುಡುಗನ ಕೈ ನೋಡ್ರಿ" ಅನ್ನುತ್ತಿದ್ದರು. ಮೈಕು ಹಚ್ಚಿದ ಕೂಡಲೇ "ಹಲೋ ಹಲೋ, ಊಟ ಆತೇನ್ರಿ?" ಅಂತ ಊರಿಗೆಲ್ಲ ಕೇಳುತ್ತಿದ್ದರು. ಗುಂಡಿ ತಿರುವುವಾಗ ಎಂದೂ ಪೆಟ್ಟಿಗೆ ನೋಡಿದವರಲ್ಲ. ಕೇಳಿದರೆ, "ಹೆಣ್ಣು ನೋಡಾಕ ಹೋದಾಗ್ಲೇ ನೋಡಿಲ್ಲ, ಇದನ್ನೇನು ನೋಡ್ಲಿ?" ಎಂದು ನಗುತ್ತಿದ್ದರು. ಅದು ಅವರ ಗತ್ತು ಅಂದುಕೊಂಡಿದ್ದೆ.

ಚಾಚಾ ಬಂದು ಕೈಯಿಟ್ಟರು. ಕೈ ನಿಂತುಬಿಟ್ಟಿತು.

"ಇದನ್ನ ಯಾರು ತೆಗದ್ರು?"

"ನಾನ ರೀ ಚಾಚಾ. ಅಸಹ್ಯ ಕಾಣ್ತಿತ್ತು. ಎಲ್ಲಾ ಬರದೀನಿ, ಓದಿಕೋತ ತಿರುವ್ರಿ."

ಸುತ್ತ ಬೀಗರು ನಿಂತಿದ್ದರು. ಚಾಚಾ ಬೆರಳಾಡಿಸಿ, "ಚಲೋ ಬರದೀಪಾ" ಎಂದರು. ಅಷ್ಟೇ.

ಮದುಮಕ್ಕಳ ಮೇಲೆ ಅಕ್ಕಿಕಾಳು ಹಾಕುವ ಹೊತ್ತು. ಅಯ್ಯನವರು ಬಾಯಿ ತೆರೆದರು. ಚಾಚಾ ಹಳೇ ರೂಢಿಯಂತೆ ಕೊನೆಯ ಗುಂಡಿ ತಿರುವಿದರು. ಮಾಳಿಗೆ ಮೇಲಿನ ಹಾರ್ನಿನಲ್ಲಿ ಒಳಮನೆಯ ಮುದುಕಿಯೊಬ್ಬಳ ದನಿ ಊರಿಗೆಲ್ಲ ಕೇಳಿತು: "ಪೇಟಾ ತೆಗದ್ರ ಮದಿಮಗನ ತಲಿ ಬಟಾಬಯಲಂತಬೇ! ಹೊಲಾ ನೋಡಿ ಕೊಟ್ಟಾರ!"

ಮಂದಿ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಗಂಡಿನ ಕಡೆಯವರು ಧಡಕ್ಕನೆ ಎದ್ದರು. ಸಾಹುಕಾರರು ಓಡಿ ಬಂದು ಚಾಚಾನ ಅಂಗಿ ಹಿಡಿದರು.

"ಕಣ್ಣು ಕಾಣಂಗಿಲ್ಲೇನಲೇ ಮುದುಕ?"

"ಕೈ ತಪ್ಪಿತ್ರಿ ಧಣ್ಯಾರ. ತಪ್ಪು ನಂದು."

ಆಗ ಚಾಚಾನ ಕಣ್ಣು ಹತ್ತಿರದಿಂದ ನೋಡಿದೆ. ಎರಡರ ಮೇಲೂ ಹಾಲಿನಂಥ ಪೊರೆ. ವೈರು ಬದಲಿಸಿದವನು ನಾನು ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಆ ಸಾಹುಕಾರರ ಅಂಗಡಿಯ ಬೋರ್ಡು ಬರೆಯುವ ಕೆಲಸ ನನಗೇ ಅಂತ ಮಾತಾಗಿತ್ತು. ಬಾಯಿ ಬಿಡಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಚಾಚಾ ಮೆಲ್ಲಗೆ ಹೇಳಿದರು: "ಎರಡು ವರ್ಷಾತು, ಎಲ್ಲಾ ಮಂಜು ಮಂಜು. ಗೊತ್ತಾದ್ರ ಯಾರೂ ಕರಿಯಂಗಿಲ್ಲಂತ ಕೈಗುರುತಿನ ಮ್ಯಾಲ ನಡಸಿದ್ದೆ."

"ನಾ ಕೆಡಿಸೀನಂತ ನೀವು ಅವರಿಗೆ ಹೇಳಬೇಕಿತ್ತಲ್ರಿ."

"ಹೇಳಿದ್ರ ನಿನಗ ಬೋರ್ಡು ಯಾರು ಕೊಡತಿದ್ರು? ಸುಮ್ಮನ ಕೂಡು."

ಮರುವಾರ ಹೋಗಿ ಆ ಬೋರ್ಡು ಬರೆದೆ. ಚಾಚಾನನ್ನು ಮತ್ತೆ ಯಾವ ಮದುವೆಗೂ ಯಾರೂ ಕರೆಯಲಿಲ್ಲ. ಸೆಟ್ ಮಾರಿ ಮುದಗಲ್ಲಿಗೆ ಮಗಳ ಮನೆಗೆ ಹೋದರು. ಎರಡು ಸಲ ಹೇಳಿ ಕಳಿಸಿದ್ದರು, ಬಂದು ಹೋಗು ಅಂತ. ಆಮೇಲೆ ತೀರಿಕೊಂಡರೆಂಬ ಸುದ್ದಿ ಬಂತು. ಮಣ್ಣಿಗೂ ಹೋಗಲಿಲ್ಲ. ಬಸ್ಸಿತ್ತು, ಕೆಲಸವೂ ಇರಲಿಲ್ಲ. ಹೋಗಲಿಲ್ಲ, ಅಷ್ಟೇ. ಇನ್ನು ಹೇಳುವುದೇನೂ ಇಲ್ಲ.